ಮೂರನೆಯ ರಿಂಗು

ಡಿಸೆಂಬರ್ 3. ಬೆಳಿಗ್ಗೆ 8.10

ನನ್ನ ಪಾಲಿನ ಎಂಟು ಫೋನ್ ಮುಗಿಯಿತು. ಗಂಟಲು ಒಣಗಿದೆ. ವಯಸ್ಸಾದವರಿಗೆ ದಿನಾ ಬೆಳಿಗ್ಗೆ ಫೋನ್ ಮಾಡಿ 'ಎದ್ದಿರಾ' ಎಂದು ಕೇಳುವುದು ನಮ್ಮ ಸೇವಾ ಕ್ಲಬ್ಬಿನ ಕೆಲಸಗಳಲ್ಲೇ ಹಗುರವಾದದ್ದಂತೆ. ಹೇಳಿದವರು ಅಧ್ಯಕ್ಷರು. ಹಲ್ಲಿನ ಡಾಕ್ಟರು. ಅವರೆದುರು ಕೂತವರು ಬಾಯಿ ತೆರೆಯುತ್ತಾರೆಯೇ ಹೊರತು ಮಾತಾಡುವುದಿಲ್ಲ. ಅವರಿಗೇನು ಗೊತ್ತು.

ವಾಚ್ ರಿಪೇರಿಯವರು ಇವತ್ತೂ ಹತ್ತು ನಿಮಿಷ ತಿಂದರು. "ಏನ್ ಎಕ್ಸ್‌ಚೇಂಜು, ಎರಡು ನಿಮಿಷ ಲೇಟು!" ನಾನು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತೊಂದು ವರ್ಷ ಕೂತವಳು ಎಂದು ತಿಳಿದಾಗಿನಿಂದ ಅದೇ ನನ್ನ ಹೆಸರು. ಅವರ ಅಕ್ಕ ಫೋನನ್ನು ಬಕೆಟ್ಟಿಗೆ ಹಾಕಿ ತೊಳೆದರಂತೆ. "ಕೊಳೆ ಆಗಿತ್ತು ಅಂದ್ಳು. ಹೊಸದನ್ನ ಬಚ್ಚಲ ಹತ್ರ ತಂದ್ರೆ ನೋಡು ಅಂತ ಗದರಿದೀನಿ. ಎಲ್ಲಾ ಮರೀತಾಳೆ, ನಾನು ಗದರಿದ್ದು ಮಾತ್ರ ಮರೆಯಲ್ಲ."

ಅಕ್ಕನಿಗೆ ಎಂಬತ್ತೊಂದು. ಮರೆವಿನ ಕಾಯಿಲೆ. ಅವರಿಗೆ ಎಪ್ಪತ್ತಾರು. ಸ್ಟೇಷನರಿ ಅಂಗಡಿಯ ಮೇಲಿನ ಎರಡು ಕೋಣೆಯಲ್ಲಿ ಇಬ್ಬರೇ.

ಡಿಸೆಂಬರ್ 11

ವರ್ಷಾಂತ್ಯದ ರಜೆ ಬಂತು. ಫೋನ್ ಮಾಡುವ ಮೂವರಲ್ಲಿ ಇಬ್ಬರು ಊರು ಬಿಡುತ್ತಾರೆ. ಇಪ್ಪತ್ತಮೂರು ಜನರೂ ನನ್ನ ತಲೆಗೆ. ಈ ಸಲವೇ ಮಗಳೂ ಬರುತ್ತಿದ್ದಾಳೆ, ಮೊಮ್ಮಗಳ ಜೊತೆ, ಹತ್ತು ದಿನ. ಹೋದ ವರ್ಷ ಎರಡೇ ದಿನ ಇದ್ದರು. ದಿನಾ ಬೆಳಿಗ್ಗೆ ಎರಡು ತಾಸು ಫೋನಿಗೆ ಅಂಟಿಕೊಂಡರೆ ಆ ಮಗುವಿನ ತಲೆ ಬಾಚುವವರು ಯಾರು?

ಒಂದು ಉಪಾಯ ಹೊಳೆದಿದೆ.

ಡಿಸೆಂಬರ್ 14

ಮೀಟಿಂಗಿನಲ್ಲಿ ಹೇಳಿದೆ. ನಾವು ಮಾಡುವುದು ಬೇಡ, ಅವರೇ ಮಿಸ್ಡ್ ಕಾಲ್ ಕೊಡಲಿ. ಏಳರಿಂದ ಏಳೂವರೆಯೊಳಗೆ. ಮೂರು ರಿಂಗ್ ಆದ ಮೇಲೆ ಕಟ್ ಮಾಡಲಿ. ಬಂದರೆ ಬುಕ್ಕಿನಲ್ಲಿ ಟಿಕ್. ಬರದಿದ್ದರೆ ನಮ್ಮ ಕ್ಲಬ್ಬಿನ ಆಟೋದವರು ಮನೆಗೆ ಹೋಗಿ ನೋಡಿ ಬರಲಿ.

ಚಪ್ಪಾಳೆ. ಅಧ್ಯಕ್ಷರು "ಅನುಭವ ಅಂದ್ರೆ ಇದು" ಎಂದರು. ಆಟೋದವರು ಮಾತ್ರ ತಲೆ ಕೆರೆದುಕೊಂಡರು. ನಮ್ಮ ಹಳೆಯ ಮೆಂಬರು, ಯಾರದೇ ಮನೆಗೆ ಏನೇ ಮುಟ್ಟಿಸಬೇಕಾದರೂ ಅವರೇ. "ಮಾತೇ ಇಲ್ವಾ ಮೇಡಂ?" ಎಂದರು. ರಜೆ ಮುಗಿಯುವ ತನಕ ಅಷ್ಟೇ ಎಂದೆ.

ಡಿಸೆಂಬರ್ 16

ಇಪ್ಪತ್ತಮೂರು ಜನಕ್ಕೂ ತಿಳಿಸಿದ್ದಾಯಿತು. ಇಪ್ಪತ್ತೆರಡು ಜನ ಹೂಂ ಎಂದರು. ವಾಚ್ ರಿಪೇರಿಯವರು ಮುನಿಸಿಕೊಂಡರು.

"ನಾನು ಬದುಕಿದೀನಿ ಅಂತ ಗಂಟೆ ಹೊಡೆದು ತಿಳಿಸ್ಬೇಕಾ?"

"ಹದಿನೈದೇ ದಿನ. ಮೊಮ್ಮಗಳು ಬರ್ತಾಳೆ."

ಅಷ್ಟು ಸಾಕಾಯಿತು, ಕರಗಿದರು. "ಹಾಗಾದ್ರೆ ಸರಿ ಬಿಡು. ಅಕ್ಕಂಗೂ ಕಲಿಸ್ತೀನಿ. ಒಂದನೇ ಬಟನ್ ಒತ್ತಿ ಹಿಡಿದ್ರೆ ನಿಂಗೆ ಬರುತ್ತೆ. ಮೂರು ಸಲ ಬಡಿದ ಕೂಡಲೇ ಕಟ್. ಅವಳಿಗೆ ಆಟ ಇದ್ದಂಗೆ."

ಡಿಸೆಂಬರ್ 20

ಸಲೀಸು. ಇಪ್ಪತ್ತಮೂರಕ್ಕೆ ಇಪ್ಪತ್ತಮೂರು. ವಾಚ್ ರಿಪೇರಿಯವರದು ಸರಿಯಾಗಿ 7.05ಕ್ಕೆ, ದಿನಾ. ನನ್ನ ಗೋಡೆ ಗಡಿಯಾರವನ್ನು ಅದಕ್ಕೇ ಸರಿ ಮಾಡಿಕೊಂಡೆ. ಸುಳ್ಳೇಕೆ... ಅವರ ಹರಟೆ ಇಲ್ಲದೆ ಬೆಳಿಗ್ಗೆ ಸ್ವಲ್ಪ ಸಪ್ಪೆ.

ಡಿಸೆಂಬರ್ 22

ಬಂದರು! ಮೊಮ್ಮಗಳಿಗೆ ಮುಂದಿನ ಎರಡೂ ಹಲ್ಲಿಲ್ಲ. ನಕ್ಕರೆ ಕಿಟಕಿ ತೆರೆದ ಹಾಗೆ. ಮಗಳು ಸೊರಗಿದ್ದಾಳೆ. ಕೇಳಿದರೆ ರೇಗುತ್ತಾಳೆ. ಕೇಳುವುದಿಲ್ಲ. ಇರಲಿ, ಇದ್ದಾರಲ್ಲ.

ಡಿಸೆಂಬರ್ 24

ಟಿಕ್ ಹಾಕುವ ಕೆಲಸ ಮೊಮ್ಮಗಳು ಕಿತ್ತುಕೊಂಡಳು. ಟಿಕ್ ಚೆನ್ನಾಗಿಲ್ಲವಂತೆ. ಪ್ರತಿ ಕಾಲಿಗೂ ಒಂದು ನಕ್ಷತ್ರ. ಹಳದಿ ಕ್ರೇಯಾನ್. ಕ್ಲಬ್ಬಿನ ಬುಕ್ಕು ಇಷ್ಟು ಚೆಂದ ಯಾವತ್ತೂ ಇರಲಿಲ್ಲ.

ಡಿಸೆಂಬರ್ 26

ವಾಚ್ ರಿಪೇರಿಯವರದು ಇವತ್ತು 7.22! ಆಮೇಲೆ 7.23. ಮತ್ತೆ 7.25. "ಅಜ್ಜಿ, ಈ ತಾತ ಮೂರು ಸಲ!" ಮೂರು ನಕ್ಷತ್ರ. ಅವರ ಗಡಿಯಾರವೇ ಕೆಟ್ಟಿರಬೇಕು. ರಜೆ ಮುಗಿಯಲಿ, ಚೆನ್ನಾಗಿ ಕಾಲೆಳೆಯುತ್ತೇನೆ.

ಮೂವರೂ ಪಾರ್ಕಿಗೆ ಹೋಗಿದ್ದೆವು. ಉಯ್ಯಾಲೆಯ ಮೇಲೆ ಮಗಳೂ ಕೂತಳು. ಎಷ್ಟೋ ದಿನದ ಮೇಲೆ ಬಾಯಿ ತುಂಬ ನಕ್ಕಳು.

ಡಿಸೆಂಬರ್ 27

ವಾಚ್ ರಿಪೇರಿಯವರು ಐದು ಸಲ. ಮಗುವಿಗೆ ಕುಣಿಯುವಷ್ಟು ಖುಷಿ. ವಾಪಸ್ ಮಾಡೋಣವೆಂದು ಕೈಗೆ ತೆಗೆದುಕೊಂಡೆ. ಅಷ್ಟರಲ್ಲಿ ಹಾಲು ಉಕ್ಕಿತು. ಆಮೇಲೆ ಮರೆತೆ.

ಡಿಸೆಂಬರ್ 28

ಎಲ್ಲರದೂ ಬಂತು. ಅವರದು ಎರಡು. ನಾಳೆ ಭಾನುವಾರ, ಕ್ಲಬ್ಬಿನಿಂದ ಕಂಬಳಿ ಹಂಚುವುದು. ಅವರ ಮನೆಗೂ ಒಂದು ಜೊತೆ ಇಟ್ಟಿದ್ದೇನೆ.

ಡಿಸೆಂಬರ್ 29. ಮಧ್ಯಾಹ್ನ

ಕಂಬಳಿ ಕೊಡಲು ಹೋದ ಆಟೋದವರ ಫೋನ್. "ಮೇಡಂ, ವಾಚ್ ರಿಪೇರಿಯವರ ಮನೆಗೆ ಬನ್ನಿ. ಬೇಗ."

ಹೋದೆ.

ಜನವರಿ 7

ಬರೆಯಬೇಕು. ಬರೆಯದಿದ್ದರೆ ನನ್ನೊಳಗೇ ಬೇರೆ ಕಥೆ ಕಟ್ಟಿಕೊಂಡುಬಿಡುತ್ತೇನೆ. ಈಗಾಗಲೇ ಶುರುವಾಗಿದೆ... ಹಾಲು ಉಕ್ಕಿದ್ದು, ರಜೆ, ಎಲ್ಲರೂ ಒಪ್ಪಿದ್ದರು.

ಬಚ್ಚಲ ಬಾಗಿಲಲ್ಲಿ ಬಿದ್ದಿದ್ದರು. ತಲೆಯ ಕೆಳಗೆ ದಿಂಬು. ಕುತ್ತಿಗೆಯ ತನಕ ಹೊದಿಕೆ. ಪಕ್ಕದಲ್ಲಿ ನೀರಿನ ಲೋಟ, ಒಂದು ತಟ್ಟೆಯಲ್ಲಿ ಬಿಸ್ಕೆಟ್. ಎಲ್ಲ ಅಕ್ಕ ಮಾಡಿದ್ದು. ಕೆಳಗಿನ ಅಂಗಡಿ ರಜೆಗೆ ಮುಚ್ಚಿತ್ತು. ಕೂಗಿದ್ದರೂ ಕೇಳುವವರಿರಲಿಲ್ಲ.

ಅಕ್ಕ ಮಂಚದ ಮೇಲೆ ಫೋನ್ ಹಿಡಿದು ಕೂತಿದ್ದರು. ಬೆರಳನ್ನು ತುಟಿಗಿಟ್ಟು ಹೇಳಿದರು. "ಮೆಲ್ಲಗೆ. ಮಲಗಿದಾನೆ."

ಆಮೇಲೆ, ತಾವಾಗಿಯೇ: "ಫೋನ್ ಮಾಡು ಅಕ್ಕ, ಫೋನ್ ಮಾಡು ಅಂತಿದ್ದ. ಮಾಡ್ದೆ. ಮೂರು ಸಲ ಬಡೀತು, ಕಟ್ ಮಾಡ್ದೆ. ಮತ್ತೆ ಮಾಡು ಅಂದ. ಮತ್ತೆ ಮಾಡ್ದೆ. ಇಲ್ಲಿ ಕೊಡು ಅಂದ. ಕೊಡ್ಲಿಲ್ಲಮ್ಮ. ಬಚ್ಚಲ ಹತ್ರ ತರಬಾರ್ದು ಅಂತ ಅವನೇ ಬೈದಿದ್ದ. ಸರಿ ತಾನೆ?"

"ಸರಿಯಾಗೇ ಮಾಡಿದ್ರಿ ಅಕ್ಕ" ಎಂದೆ.

ಸೊಂಟದ ಮೂಳೆ ಮುರಿದಿತ್ತಂತೆ. ಬಿದ್ದದ್ದು 26ರ ಬೆಳಿಗ್ಗೆ ಇರಬೇಕು, 27ರ ಸಂಜೆಯ ತನಕ ಜೀವ ಇದ್ದಿರಬಹುದು ಎಂದರು ಆಸ್ಪತ್ರೆಯ ಡಾಕ್ಟರು. ಮೊದಲ ದಿನ ಸಿಕ್ಕಿದ್ದರೆ ಎಂದು ಶುರು ಮಾಡಿ, ನನ್ನ ಮುಖ ನೋಡಿ ನಿಲ್ಲಿಸಿದರು.

26ರಂದು ಮೂರು ನಕ್ಷತ್ರ. 27ರಂದು ಐದು. ಬುಕ್ಕು ಮೇಜಿನ ಮೇಲೇ ಇದೆ.

ಮಗಳು 31ಕ್ಕೆ ಹೊರಟಳು. ಮಗುವಿಗೆ ಏನೂ ಹೇಳಿಲ್ಲ. ಹೇಳಬಾರದು. ಆಟೋ ಹತ್ತುವಾಗ ಅದು ಕೇಳಿತು, "ಐದು ಸಲ ಮಾಡೋ ತಾತ ಈಗಲೂ ಮಾಡ್ತಾರಾ ಅಜ್ಜಿ?" ಮಗಳು ಅದರ ಬಾಯಿ ಮುಚ್ಚಿ, ಇನ್ನೊಂದು ಕೈಯಲ್ಲಿ ನನ್ನನ್ನು ತಬ್ಬಿಕೊಂಡಳು.

ಜನವರಿ 9

ಮೀಟಿಂಗ್. ಎಲ್ಲರೂ ನನ್ನನ್ನು ಕಾಯಿಲೆಯವಳ ಹಾಗೆ ನೋಡಿಕೊಂಡರು. ಅಧ್ಯಕ್ಷರು "ವ್ಯವಸ್ಥೆಯಲ್ಲಿ ಲೋಪ ಆಯ್ತು ಅಂತ ಬರ್ಕೊಳ್ಳಿ. ಯಾರ ತಪ್ಪೂ ಅಲ್ಲ" ಎಂದರು. ಒಳ್ಳೆಯ ಮನುಷ್ಯ.

"ವ್ಯವಸ್ಥೆಗೆ ಕಿವಿ ಇಲ್ಲ ಸಾರ್. ನಂಗಿತ್ತು."

ಕಾರ್ಯದರ್ಶಿ ನಾನೇ, ಪೆನ್ನು ನನ್ನ ಕೈಯಲ್ಲೇ ಇತ್ತು. ಬರೆದೆ: 26, 27, 28ರಂದು ಒಟ್ಟು ಹತ್ತು ಕರೆ ಬಂದವು. ಕಾರ್ಯದರ್ಶಿ ಒಂದಕ್ಕೂ ವಾಪಸ್ ಮಾಡಲಿಲ್ಲ. ಓದಿ ಹೇಳಿದೆ. ಆಟೋದವರು ಎದ್ದು ಹೊರಗೆ ಹೋದರು.

ನಾಳೆಯಿಂದ ಮತ್ತೆ ನಾವೇ ಫೋನ್ ಮಾಡುವುದು. ಮಾತಾಡುವುದು.

ಜನವರಿ 16

ಅಕ್ಕನನ್ನು ವೃದ್ಧಾಶ್ರಮಕ್ಕೆ ಸೇರಿಸಿದ್ದೇವೆ. ಕಿಟಕಿ ಪಕ್ಕದ ಮಂಚ. ಇವತ್ತು ಹೋಗಿದ್ದೆ. ಹೇಳಲೇಬೇಕೆಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಹೋದೆ.

"ಅಕ್ಕ, ನಿಮ್ಮ ತಮ್ಮ ಬಿದ್ದಿದ್ರು. ನೀವು ನಂಗೆ ಫೋನ್ ಮಾಡಿದ್ರಿ. ನಾನು ಎತ್ತಲಿಲ್ಲ. ಅವರು ಹೋಗಿಬಿಟ್ರು."

ಕೇಳಿದರು. ಕಣ್ಣು ತುಂಬಿತು. ನನ್ನ ಕೈ ಹಿಡಿದು ಸವರಿದರು. "ಪಾಪ, ಏನೋ ಕೆಲ್ಸ ಇತ್ತೇನೋ ನಿಂಗೆ. ಅಳಬೇಡಮ್ಮ."

ಆಮೇಲೆ ಕಿಟಕಿಯ ಕಡೆ ನೋಡಿ ಕೇಳಿದರು, "ನನ್ ತಮ್ಮ ಎದ್ನಾ?"

ಕ್ಷಮಿಸಿದ್ದನ್ನೂ ಮರೆತರು. ಮತ್ತೆ ಹೇಳುವ ಧೈರ್ಯ ಬರಲಿಲ್ಲ. ಎದ್ದು ಬಂದೆ.

ಜನವರಿ 28. ಬೆಳಿಗ್ಗೆ 7.30

7.22ಕ್ಕೆ ಫೋನ್ ಬಡಿಯಿತು. ಪರದೆಯ ಮೇಲೆ 'ವಾಚ್ ರಿಪೇರಿ'. ಮೂರು ರಿಂಗ್, ಕಟ್.

ಅಕ್ಕ. ಆಶ್ರಮದವರು ಅವರ ಫೋನಿಗೆ ಮೊನ್ನೆ ಚಾರ್ಜ್ ಮಾಡಿ ಕೊಟ್ಟರಂತೆ. ವಾಪಸ್ ಮಾಡಿದೆ. ಎತ್ತಲಿಲ್ಲ. ಎತ್ತುವುದನ್ನು ಅವರಿಗೆ ಯಾರೂ ಕಲಿಸಿಲ್ಲ.

ಜನವರಿ 29

7.22. ಕೈ ಫೋನಿನ ಮೇಲೇ ಇತ್ತು. ಎತ್ತಲಾಗಲಿಲ್ಲ. ತಮ್ಮ ಎದ್ದನಾ ಎಂದು ಕೇಳುತ್ತಾರೆ.

ಜನವರಿ 31

ಇವತ್ತೂ ಇಲ್ಲ. ಮೂವತ್ತೊಂದು ವರ್ಷ ಯಾರ್ಯಾರ ಫೋನೋ ಎತ್ತಿದವಳು. ಥೂ.

ಫೆಬ್ರವರಿ 1. ಬೆಳಿಗ್ಗೆ 7.15

ಕನ್ನಡಕ ಹಾಕಿಕೊಂಡೇ ಕೂತಿದ್ದೇನೆ. ಒಲೆ ಆರಿಸಿದ್ದೇನೆ. ಏನು ಹೇಳುವುದೋ ಇನ್ನೂ ಗೊತ್ತಿಲ್ಲ. ಎದ್ದಿದ್ದಾನೆ ಎಂದರೆ ಸುಳ್ಳು. ಇಲ್ಲ ಎಂದರೆ ಆ ಜೀವ ದಿನಾ ಹೊಸದಾಗಿ ಅಳಬೇಕು. ಮೊದಲು ಅವರ ದನಿ ಕೇಳಬೇಕು, ಅಷ್ಟೇ. ಆಮೇಲೆ ಬಾಯಿಗೆ ಬಂದದ್ದು.

ಮೂರನೆಯದಕ್ಕೆ ಕಟ್ ಆಗುತ್ತದೆ. ಅದಕ್ಕೂ ಮೊದಲೇ ಎತ್ತಬೇಕು.

7.21.

ಬಂತು. ಒಂದು. ಎರ