ಸ್ವಲ್ಪ ಜಾಸ್ತಿ, ಅಷ್ಟೇ

ಸೋಮವಾರ, ಫೆಬ್ರವರಿ 4, 2019

ಇವತ್ತು ಹತ್ತೊಂಬತ್ತು ಫೋನು. ಏಳು ಜನ ಎತ್ತಲಿಲ್ಲ. ಇಬ್ಬರು ಜರ್ಮನಿಯಲ್ಲಿದ್ದಾರಂತೆ, ಮಗಳ ಮನೆಯಲ್ಲಿ. ಮೂವರು ಸತ್ತಿದ್ದಾರೆ. ಉಳಿದವರು ಬದುಕಿದ್ದಾರೆ — ನನ್ನನ್ನು ಬೈಯುವಷ್ಟು ಗಟ್ಟಿಯಾಗಿ.

ಸುಲಭದ ಕೆಲಸ ಎಂದಿದ್ದರು ಹೃದಯದ ಅಧ್ಯಯನ ನಡೆಸುವ ಡಾ. ಕಂಬುರೋವ್, ಸೋಫಿಯಾದಿಂದ. “ಸಿಸ್ಟರ್ ಡೋನ್ಕಾ, ಊರಿಗೆಲ್ಲ ಗೊತ್ತಿರೋರು ನೀವು. ನಿಮ್ಮ ದನಿ ಕೇಳಿದ್ರೆ ಯಾರೂ ಫೋನ್ ಇಡಲ್ಲ.” ನಿಜ. 2008ರಲ್ಲಿ ಕ್ಯಾನಿಂಗ್ ಫ್ಯಾಕ್ಟರಿಯ ಮುನ್ನೂರ ನಲವತ್ತು ಜನರನ್ನು ಅಳೆದವಳು ನಾನೇ. ಸೊಂಟದ ಸುತ್ತಳತೆ, ಬಿಪಿ, ಖಾಲಿ ಹೊಟ್ಟೆಯ ರಕ್ತ. ಹನ್ನೊಂದು ವರ್ಷದಲ್ಲಿ ಅವರೆಲ್ಲ ಏನಾದರು ಎಂದು ಈಗ ಕೇಳಬೇಕು. ಹಾಳೆಯಲ್ಲಿ ನಾಲ್ಕು ಚೌಕ. ಜೀವಂತ. ಮೃತ. ಹೃದಯಾಘಾತ ಅಥವಾ ಪಾರ್ಶ್ವವಾಯು. ಪತ್ತೆಯಿಲ್ಲ.

ಇವತ್ತಿಗೆ ಇಷ್ಟು. ನಾಳೆ ಮತ್ತೆ.

ಬುಧವಾರ, ಫೆಬ್ರವರಿ 6

ಗಿನ್ಕಾ. ಪರ್ವಾನ್‌ನ ಹೆಂಡತಿ. ಪರ್ವಾನ್ ಬಾಯ್ಲರ್ ವಿಭಾಗದವನು, ಊರಿನ ಮದುವೆಗಳಲ್ಲೆಲ್ಲ ಅಕಾರ್ಡಿಯನ್ ನುಡಿಸುತ್ತಿದ್ದವನು. ಐವತ್ತಮೂರಕ್ಕೆ ಹೋದ. ಅಂತ್ಯಕ್ರಿಯೆಗೆ ನಾನೂ ಹೋಗಿದ್ದೆ. ಆದರೂ ತಾರೀಖು ಕೇಳಬೇಕು, ಹಾಳೆಗೆ ಬೇಕು.

“ಯಾವತ್ತು ಸತ್ತ ಅಂತ ನನ್ನ ಕೇಳ್ತೀಯೇನೇ? ಬಂದಿದ್ಯಲ್ಲ, ನಮ್ಮನೇಲಿ ಕೂತು ಊಟ ಮಾಡ್ಕೊಂಡು ಹೋದ್ಯಲ್ಲ!”

“ಫಾರಂಗೆ ಬೇಕು ಗಿನ್ಕಾ...”

“ಫಾರಂಗಾ? ಹಂಗಾದ್ರೆ ಇದನ್ನೂ ಬರ್ಕೋ. ನೀನು ಅಳತೆ ತಗೊಂಡ ದಿನ ನಗ್ತಾ ಮನೆಗೆ ಬಂದ. ‘ಡೋನ್ಕಾ ಹೇಳಿದ್ಲು ಕಣೇ, ಎಲ್ಲಾ ಸ್ವಲ್ಪ ಜಾಸ್ತಿ, ಅಷ್ಟೇ’ ಅಂದ. ಅಷ್ಟೇ ತಾನೇ ಅಂತ ನಾನು ಇನ್ನೂ ಎರಡು ತುಂಡು ಹಂದಿ ಕೊಬ್ಬು ಬಡಿಸ್ದೆ. ನಾನೇ, ನನ್ನ ಕೈಯಾರೆ!”

ಫೋನ್ ಇಟ್ಟಳು.

ಮೈಯೆಲ್ಲ ಉರಿದುಹೋಯಿತು. ನಾನೇನು ಡಾಕ್ಟರಾ? ಹೇಳು ಎಂದದ್ದನ್ನು ಹೇಳಿದೆ. ‘ಜನರನ್ನು ಹೆದರಿಸಬೇಡಿ, ಸ್ವಲ್ಪ ಜಾಸ್ತಿ ಇದೆ ಎನ್ನಿ’ — ಕಂಬುರೋವ್ ಬರೆದುಕೊಟ್ಟ ಸೂಚನೆ. ಬೈಯುವುದಿದ್ದರೆ ಅವನನ್ನು ಬೈಯಲಿ.

ಸೋಮವಾರ, ಫೆಬ್ರವರಿ 11

ಕಂಬುರೋವ್ ಫೋನ್. ಖುಷಿಯೋ ಖುಷಿ.

“ಅದ್ಭುತ, ಸಿಸ್ಟರ್! ಎಷ್ಟು ಇವೆಂಟ್ಸ್ ಆಯ್ತು ಇಲ್ಲಿವರೆಗೆ?”

ಇವೆಂಟ್ ಎಂದರೆ ಸಾವು. ಅಥವಾ ಬಾಯಿ ಸೊಟ್ಟಗಾಗಿ ಹಾಸಿಗೆ ಹಿಡಿದದ್ದು. ನಲವತ್ತಾರು ಎಂದೆ.

“ಇನ್ನೊಂದು ಹತ್ತು ಸಿಕ್ಕರೆ ಲೆಕ್ಕಕ್ಕೆ ಬಲ ಬರತ್ತೆ.”

ಸಿಕ್ಕರೆ! ಅಣಬೆ ಹುಡುಕಲು ಹೊರಟವರ ಹಾಗೆ.

ಫೋನ್ ಇಟ್ಟ ಮೇಲೆ ಹಳೆಯ ಪಟ್ಟಿ ತೆಗೆದು ಒಬ್ಬೊಬ್ಬರ ಮುಂದೆ ಗುರುತು ಹಾಕುತ್ತ ಹೋದೆ. ಹೊಟ್ಟೆ, ಬಿಪಿ, ಸಕ್ಕರೆ, ರಕ್ತದ ಕೊಬ್ಬು ಹೆಚ್ಚು, ಒಳ್ಳೆಯ ಕೊಲೆಸ್ಟ್ರಾಲ್ ಕಡಿಮೆ — ಒಟ್ಟು ಐದು. ಒಂದೊಂದನ್ನೇ ನೋಡಿದರೆ ಏನೂ ಇಲ್ಲ, ಕೂದಲೆಳೆಯಷ್ಟು ಜಾಸ್ತಿ. ಮೂರು ಒಬ್ಬನ ಮೈಯಲ್ಲೇ ಸೇರಿದರೆ ಅದಕ್ಕೊಂದು ಹೆಸರಿದೆ, ಮೆಟಬಾಲಿಕ್ ಸಿಂಡ್ರೋಮ್. ಹೃದಯವನ್ನು ಒಳಗಿಂದೊಳಗೇ ತಿನ್ನುವಂಥದ್ದು. ಆ ಹೆಸರನ್ನು ಫ್ಯಾಕ್ಟರಿಯಲ್ಲಿ ಒಬ್ಬರಿಗೂ ಹೇಳಿರಲಿಲ್ಲ. ಸತ್ತವರಲ್ಲಿ ಹೆಚ್ಚಿನವರ ಮುಂದೆ ಮೂರು, ನಾಲ್ಕು. ಪರ್ವಾನ್‌ಗೆ ನಾಲ್ಕು.

207ನೆಯವನಿಗೆ ಐದಕ್ಕೆ ಐದು. ಬದುಕಿದ್ದಾನೆ. ಮೆತೋದಿ. ನನ್ನ ತಮ್ಮ.

ಗುರುವಾರ, ಫೆಬ್ರವರಿ 14

ದ್ರಾಕ್ಷಿ ಬಳ್ಳಿಯ ಹಬ್ಬ. ಮೆತೋದಿಯ ತೋಟದಲ್ಲಿ ಇಪ್ಪತ್ತು ಜನ. ಬಳ್ಳಿ ಕತ್ತರಿಸಿ, ಬುಡಕ್ಕೆ ವೈನ್ ಹೊಯ್ದು, ಆಮೇಲೆ ತಮ್ಮ ತಮ್ಮ ಹೊಟ್ಟೆಗೆ ಹೊಯ್ದುಕೊಂಡರು. ಅವನ ಹೆಂಡತಿ ಸ್ಲಾವ್ಕಾ ಹುರಿದ ಹಂದಿ ಕೊಬ್ಬಿನ ಪರಾತವನ್ನು ಅವನ ಮುಂದೆಯೇ ಇಟ್ಟಳು. ಮೆಟ್ಟಿಲು ಹತ್ತಿ ಬಂದವನು ಮೇಜು ಹಿಡಿದು ನಿಂತ. ಎಷ್ಟೋ ಹೊತ್ತು. ಯಾರೂ ನೋಡಲಿಲ್ಲ. ನಾನು ನೋಡಿದೆ.

“ಉಸಿರು ಕಟ್ಟುತ್ತಾ?” ಎಂದೆ.

“ವಯಸ್ಸಾಯ್ತಲ್ಲಕ್ಕಾ. ಬಾ ಕೂತ್ಕೋ. ಫೋನಲ್ಲಿ ಎಲ್ಲರನ್ನೂ ಸತ್ತಿದೀಯಾ ಬದುಕಿದೀಯಾ ಅಂತ ಕೇಳ್ತಿದೀಯಂತೆ, ನನ್ನ ಯಾವಾಗ ಕೇಳ್ತೀಯ?”

ಎಲ್ಲರೂ ನಕ್ಕರು. ಅಲ್ಲಿಗೆ ನನ್ನ ತಲೆ ಕೆಟ್ಟಿತು. ಎದ್ದು ನಿಂತು ಅವನ ಜೊತೆ ಬಾಯ್ಲರ್ ವಿಭಾಗದಲ್ಲಿದ್ದವರ ಹೆಸರು ಹೇಳತೊಡಗಿದೆ. ಪರ್ವಾನ್. ಸ್ಪಾಸ್. ಕುಂಟ ಗೆನ್ಚೋ. ವೆಲ್ಕೋ. ಎಷ್ಟು ವಯಸ್ಸಿಗೆ, ಹೇಗೆ ಹೋದರು, ಎಲ್ಲ. ಹನ್ನೊಂದು ಜನರಲ್ಲಿ ಉಳಿದವರು ನಾಲ್ವರು. “ಸಾಲಲ್ಲಿ ಮುಂದಿನವನು ನೀನು,” ಎಂದೆ. ಅಷ್ಟು ಜನರ ಮುಂದೆ. ಪರಾತವನ್ನೆತ್ತಿ ನಾಯಿಗೆ ಸುರಿದೆ.

ಸ್ಲಾವ್ಕಾ ಅಳುತ್ತ ಒಳಗೆ ಹೋದಳು. ಮೆತೋದಿ ಕೂಗಲಿಲ್ಲ. ಕೂಗಿದ್ದರೆ ಚೆನ್ನಾಗಿತ್ತು.

“ಹಬ್ಬದ ಮೇಜಿನ ಮೇಲೆ ಹೆಣ ತಂದು ಮಲಗಿಸ್ಬೇಡ. ಮನೆಗೆ ಹೋಗು.”

ಶುಕ್ರವಾರ, ಫೆಬ್ರವರಿ 15

ಸ್ಲಾವ್ಕಾ ಫೋನ್ ಎತ್ತುತ್ತಿಲ್ಲ. ಮಾಡಿದ್ದು ತಪ್ಪಲ್ಲ. ಮಾಡಿದ ರೀತಿ... ಅದೂ ತಪ್ಪಲ್ಲ. ಹೋಗಲಿ.

ಗುರುವಾರ, ಫೆಬ್ರವರಿ 21

ಕಂಬುರೋವ್‌ಗೆ ಫೋನ್ ಮಾಡಿದೆ. ಮೂರೋ ಹೆಚ್ಚೋ ಗುರುತು ಇದ್ದವರಲ್ಲಿ ಅರವತ್ತೊಂದು ಜನ ಇನ್ನೂ ಬದುಕಿದ್ದಾರೆ. ಅವರಿಗೆ ಬಿಡಿಸಿ ಹೇಳೋಣ ಎಂದೆ.

“ಸಿಸ್ಟರ್, ನಾವು ನೋಡೋರು ಮಾತ್ರ. ಮಧ್ಯೆ ಕೈ ಹಾಕೋದು ಈ ಅಧ್ಯಯನದಲ್ಲಿಲ್ಲ. ಅಲ್ಲದೆ ಅವರಿಗೆಲ್ಲ ಆವತ್ತೇ ತಿಳಿಸಲಾಗಿದೆ. ನಮ್ಮ ಸಂಶೋಧನಾ ಪೇಪರ್‌ನಲ್ಲೂ ಹಾಗೇ ಬರೆದಿದೀವಿ.”

“ತಿಳಿಸಿದ್ದು ಯಾರು?”

“ನೀವೇ ಅಲ್ವಾ!”

“ನಾನು ತಿಳಿಸ್ಲಿಲ್ಲ ಡಾಕ್ಟ್ರೇ. ಸಮಾಧಾನ ಮಾಡಿ ಕಳಿಸ್ದೆ.”

ಅದು ಬಿಡಿ ಎಂದ. ಆಮೇಲೆ, ಹಾಗೇನಾದರೂ ಮಾಡಿದರೆ ಪಟ್ಟಿಯನ್ನು ಬೇರೆಯವರಿಗೆ ಕೊಡಬೇಕಾಗುತ್ತದೆ ಎಂದ. ಕೊಡು. ಬರುವವರು ಬರಲಿ, ಅಷ್ಟರಲ್ಲಿ ನನ್ನ ಕೆಲಸ ಮುಗಿದಿರುತ್ತದೆ.

ಮಧ್ಯಾಹ್ನದಿಂದಲೇ ಶುರು ಮಾಡಿದೆ. ‘ಸ್ವಲ್ಪ’ ಎಂಬ ಮಾತೇ ಇಲ್ಲ. ಸಂಖ್ಯೆ ಹೇಳುವುದು, ಆ ಸಂಖ್ಯೆ ಏನು ಮಾಡುತ್ತದೆಂದು ಹೇಳುವುದು, ಈ ವಾರವೇ ಡಾಕ್ಟರ ಬಳಿ ಹೋಗು ಎನ್ನುವುದು. ಒಬ್ಬ ನಕ್ಕ. ಒಬ್ಬಳು ಪೆನ್ನು ತರುತ್ತೇನೆಂದು ಹೋಗಿ ಬರೆದುಕೊಂಡಳು. ಲೇಬಲ್ ವಿಭಾಗದ ಇಸ್ಕ್ರಾ:

“ಹನ್ನೊಂದು ವರ್ಷ ಆದ್ಮೇಲೆ ಹಾಲು ಕೆಟ್ಟಿದೆ ಅಂತ ಹೇಳೋಕ್ಕೆ ಬಂದ್ಯಾ? ಕುಡಿದಾಯ್ತಲ್ಲೇ!”

“ಇನ್ನೂ ಕುಡೀತಾ ಇದೀಯಲ್ಲ. ಅದಕ್ಕೇ ಹೇಳ್ತಿರೋದು,” ಎಂದು ನಾನೂ ಕಿರುಚಿದೆ. ಹೋಗುತ್ತೇನೆ ಎಂದಳು. ಬೈಯುತ್ತಲೇ ಎಂದಳು.

ಶನಿವಾರ, ಮಾರ್ಚ್ 2

ಸತ್ತವರ ಶನಿವಾರ. ಸ್ಮಶಾನದಲ್ಲಿ ಕೆಸರು. ಅಮ್ಮನ ಸಮಾಧಿಗೆ ವೈನ್ ಹೊಯ್ದು, ಪರ್ವಾನ್‌ನ ಸಮಾಧಿಯ ಕಡೆ ಹೋದೆ. ಗಿನ್ಕಾ ಸಕ್ಕರೆ ಬೆರೆಸಿದ ಬೇಯಿಸಿದ ಗೋಧಿ ಹಂಚುತ್ತಿದ್ದಳು. ನನಗೂ ಒಂದು ಲೋಟ ಕೊಟ್ಟಳು, ಮುಖ ನೋಡದೆ.

“ಬೈಸ್ಕೊಳ್ಳೋಕ್ಕೆ ಬಂದೆ,” ಎಂದೆ.

“ಬೈದೂ ಬೈದೂ ಸಾಕಾಗಿದೆ ಕಣೇ. ಒಂದು ಹೇಳು. ನಿನ್ನ ತಮ್ಮನೂ ಅದೇ ಬಾಯ್ಲರ್‌ನೋನು. ಅವನಿಗೂ ಹಂಗೇ ಹೇಳಿದ್ಯಾ?”

“ಹೌದು.”

ಆಗ ನೋಡಿದಳು. “ಇಲ್ಲಿ ನಿಂತ್ಕೊಂಡು ಗೋಧಿ ತಿಂತಿದೀಯಲ್ಲ, ನಿಂಗೇನು ಬಂದಿದೆ?”

ಅಲ್ಲಿಂದ ನೇರವಾಗಿ ಮೆತೋದಿಯ ಮನೆಗೆ. ಗೇಟಿಗೆ ಬೀಗ. ಒಳಗೆ ಟಿವಿ ಸದ್ದು. ಇಪ್ಪತ್ತು ನಿಮಿಷ ಬಡಿದೆ. ಹಠಮಾರಿ. ಕತ್ತೆ.

ಭಾನುವಾರ, ಮಾರ್ಚ್ 10

ಕ್ಷಮೆಯ ಭಾನುವಾರ. ಚಿಕ್ಕವರು ದೊಡ್ಡವರ ಮನೆಗೆ ಬಂದು ಕ್ಷಮೆ ಕೇಳಬೇಕು. ಐವತ್ತೆಂಟು ವರ್ಷದಲ್ಲಿ ಮೆತೋದಿ ಒಂದು ಸಲವೂ ತಪ್ಪಿಸಿದವನಲ್ಲ. ಬರುವುದಿಲ್ಲ ಎಂದುಕೊಂಡೆ. ಬಂದ. ಬಾಗಿಲಲ್ಲೇ ನಿಂತ, ಟೋಪಿ ತೆಗೆಯಲಿಲ್ಲ.

“ಕ್ಷಮೆ ಕೇಳೋಕ್ಕೆ ಬಂದಿಲ್ಲ.”

“ಗೊತ್ತು.”

“ಇಸ್ಕ್ರಾ ಸಿಕ್ಕಿದ್ಲು. ಐದು ನಂಬರಂತೆ, ಅದಕ್ಕೆ ಹೆಸರು ಬೇರೆ ಇದೆಯಂತೆ. ನಿನ್ನ ಹತ್ರ ಎಲ್ಲ ಬರೆದಿಟ್ಟಿದೆಯಂತೆ. ನಂದೂ ಇದ್ಯಾ?”

“ಇದೆ.”

“ಎಷ್ಟಿದೆ?”

“ಐದೂ.”

ಕುರ್ಚಿ ಎಳೆದು ಕೂತ. “ಅಂದ್ರೆ ಹನ್ನೊಂದು ವರ್ಷದಿಂದ ನಿಂಗೆ ಗೊತ್ತು. ಪ್ರತಿ ಭಾನುವಾರ ನಮ್ಮನೆ ಮೇಜಲ್ಲಿ ನನ್ನೆದುರು ಕೂತು ತಿಂದ್ಯಲ್ಲ! ಊರೋರಿಗೆ ಹೇಳ್ದೇ ಇದ್ರೆ ಇರಲಿ, ನಾನು ನಿನ್ನ ತಮ್ಮ ಕಣಕ್ಕಾ!”

ಅದು ಅಷ್ಟು ಕೆಟ್ಟದ್ದೆಂದು ಆಗ ನನಗೂ ಗೊತ್ತಿರಲಿಲ್ಲ ಎಂದೆ. ಅರ್ಧ ಸತ್ಯ. ಡಾಕ್ಟರು ಹಾಗೆ ಹೇಳು ಎಂದಿದ್ದರು ಎಂದೆ.

“ಅವರು ಅಷ್ಟೇ ಹೇಳು ಅಂದ್ರಾ?”

ಇಲ್ಲಿ ಸುಳ್ಳು ಬರೆದು ಪ್ರಯೋಜನವಿಲ್ಲ. ಸೂಚನೆಯಲ್ಲಿ ಇನ್ನೊಂದು ವಾಕ್ಯವಿತ್ತು. ‘ತಪ್ಪದೆ ನಿಮ್ಮ ಡಾಕ್ಟರನ್ನು ಕಾಣಿ.’ ಮೊದಲ ದಿನ ಹೇಳಿದೆ. ಎರಡನೆಯ ದಿನ ಸಾಲು ಗೇಟಿನವರೆಗೆ ಬೆಳೆದಿತ್ತು, ಶಿಫ್ಟಿನ ಸೈರನ್ ಕೂಗುತ್ತಿತ್ತು, ಕಾಣಿ ಎಂದರೆ ಯಾಕೆ, ಏನು ಎಂದು ಹತ್ತು ಪ್ರಶ್ನೆ ಕೇಳುತ್ತಿದ್ದರು. ಬಿಟ್ಟುಬಿಟ್ಟೆ. ‘ಸ್ವಲ್ಪ ಜಾಸ್ತಿ, ಅಷ್ಟೇ. ನೆಕ್ಸ್ಟ್.’ ಆ ‘ಅಷ್ಟೇ’ ನನ್ನದು. ಕಂಬುರೋವ್ ಬರೆದದ್ದಲ್ಲ.

ಅವನಿಗೆ ಹೇಳಿದೆ. ಇದೇ ಮಾತುಗಳಲ್ಲಿ.

ಎದ್ದ. ಬಾಗಿಲ ಚೌಕಟ್ಟು ಹಿಡಿದು ಉಸಿರು ತೆಗೆದುಕೊಂಡ. ನಾನು ಕೈ ಚಾಚಿದೆ. “ಮುಟ್ಬೇಡ,” ಎಂದ.

ಒಂದು ತಿಂಗಳಿಂದ ಯಾರು ಯಾರ ಮೇಲೋ ಕಿಡಿ ಕಾರುತ್ತಿದ್ದೆನಲ್ಲ. ಈಗ ಎಲ್ಲ ನನ್ನ ಮೇಲೇ.

ಮಂಗಳವಾರ, ಮಾರ್ಚ್ 19

ಸ್ಲಾವ್ಕಾ ಫೋನ್. ಹಬ್ಬದ ದಿನದ ನಂತರ ಮೊದಲ ಸಲ. ದನಿ ಕಲ್ಲು. “ನಿನ್ನ ತಮ್ಮ ಡಾಕ್ಟ್ರ ಹತ್ರ ಹೋಗಿದ್ದ. ಇಸಿಜಿ ಸರಿ ಇಲ್ಲವಂತೆ. ಆಂಜಿಯೋಗ್ರಾಮ್ ಮಾಡಿ ಸೋಫಿಯಾಗೆ ಬರೆದುಕೊಟ್ಟಿದಾರೆ. ನಿಂಗೆ ತಿಳಿಸು ಅಂತ ಅವನೇನೂ ಹೇಳಿಲ್ಲ. ನಾನೇ ಹೇಳ್ತಿದೀನಿ, ಈ ಆಸ್ಪತ್ರೆ ಭಾಷೆ ನಂಗೆ ಅರ್ಥ ಆಗಲ್ಲ.”

ಚೀಟಿ ಓದಿಸಿ ಕೇಳಿಸಿಕೊಂಡೆ. ಮೂರು ರಕ್ತನಾಳ. ಮೂರೂ ಕಟ್ಟಿವೆ. ಬೈಪಾಸ್.

ಬುಧವಾರ, ಮಾರ್ಚ್ 27. ಸೋಫಿಯಾ, ಆಸ್ಪತ್ರೆಯ ಪಡಸಾಲೆ

8.20 — ಒಳಗೆ ಕರೆದೊಯ್ದರು. ಸ್ಟ್ರೆಚರ್ ಮೇಲಿಂದ ಸ್ಲಾವ್ಕಾಗೆ ಹೇಳಿದ, “ಕೆಳಗಿನ ಸಾಲಿನ ಬಳ್ಳಿ ಇನ್ನೂ ಕತ್ತರಿಸಿಲ್ಲ, ಯಾರ ಕೈಗೂ ಕೊಡ್ಬೇಡ.” ನನ್ನ ಕಡೆ ನೋಡಿದ. 

10.45 — ಸುದ್ದಿಯಿಲ್ಲ. ಸ್ಲಾವ್ಕಾ ಬ್ಯಾಗಿನಿಂದ ಬ್ರೆಡ್ ತೆಗೆದು ಅರ್ಧ ಮುರಿದು ನನ್ನ ತೊಡೆಯ ಮೇಲಿಟ್ಟಳು. “ತಿನ್ನು. ನೀನೂ ಬಿದ್ರೆ ನಾನೇನು ಇಬ್ಬರನ್ನೂ ಹೊತ್ಕೊಂಡು ಹೋಗ್ಲಾ?”

12.30 — “ಕೊಬ್ಬು ಬಡಿಸಿದೋಳು ನಾನು,” ಎಂದಳು. ಗಿನ್ಕಾ ಆಡಿದ ಮಾತೇ. ಬಡಿಸಿದ್ದು ಇವರು, ಬಡಿಸು ಎಂದು ಬಿಟ್ಟದ್ದು ನಾನು, ಮತ್ತು ಸುಡುವುದು ಇವರ ಎದೆ! ನಿನ್ನದಲ್ಲ ತಪ್ಪು ಎಂದು ಕಿರುಚಿದೆ. ಪಡಸಾಲೆಯೆಲ್ಲ ತಿರುಗಿ ನೋಡಿತು.

2.10 — ಸರ್ಜನ್ ಬಂದರು. ಆಗಿದೆ. ಉಳಿದಿದ್ದಾನೆ. “ಇನ್ನು ಎರಡು ತಿಂಗಳು ತಡ ಆಗಿದ್ರೆ ನಾವು ಭೇಟಿ ಆಗ್ತಿರಲಿಲ್ಲ,” ಎಂದರು. ಕೂತುಬಿಟ್ಟೆ. ನೆಲದ ಮೇಲೆ.

ಮಂಗಳವಾರ, ಏಪ್ರಿಲ್ 16

ಕಂಬುರೋವ್ ಪತ್ರ. ಪಟ್ಟಿ ಬೇರೆಯವರಿಗೆ ಹೋಗಿದೆ. ಆದರೂ ಪೇಪರ್‌ನ ಕೊನೆಯಲ್ಲಿ ನನಗೆ ಧನ್ಯವಾದ ಹೇಳುತ್ತಾನಂತೆ, ಹೆಸರಿನ ಸ್ಪೆಲ್ಲಿಂಗ್ ಬೇಕಂತೆ.

ಉತ್ತರ ಬರೆದೆ. ನನ್ನ ಹೆಸರು ಬೇಡ. ‘ತಿಳಿಸಲಾಗಿದೆ’ ಎಂಬ ಸಾಲು ತೆಗೆಯಿರಿ, ಏಕೆಂದರೆ ಅದು ಸುಳ್ಳು, ಆ ಸುಳ್ಳು ಆಡಿದವಳು ನಾನು. ಸಹಿ ಹಾಕಿ, ರಿಜಿಸ್ಟರ್ ಮಾಡಿ ಕಳಿಸಿದೆ. ತೆಗೆಯುತ್ತಾನೆಂಬ ಭರವಸೆಯಿಲ್ಲ.

ಅರವತ್ತೊಂದರಲ್ಲಿ ನಲವತ್ತೆರಡು ಜನ ಡಾಕ್ಟರ ಬಳಿ ಹೋಗಿದ್ದಾರೆ. ಹತ್ತೊಂಬತ್ತು ಜನ ಹೋಗಿಲ್ಲ. ಅವರ ಮನೆ ಬಾಗಿಲಿಗೇ ಹೋಗುತ್ತಿದ್ದೇನೆ. ನಿನ್ನೆ ಒಬ್ಬ ನಾಯಿ ಬಿಟ್ಟ.

ಮಂಗಳವಾರ, ಮೇ 7

ಮೆತೋದಿ ಗೇಟಿನ ಬಳಿ ನಿಂತಿದ್ದ. ಹದಿನೆಂಟು ಕಿಲೋ ಇಳಿದಿದ್ದಾನೆ, ಅಂಗಿ ಬೇರೆಯವರದೇನೋ ಎಂಬಂತೆ ಜೋತುಬಿದ್ದಿದೆ.

“ದಿನಾ ಒಂದು ಗಂಟೆ ನಡೀಬೇಕಂತೆ. ಒಬ್ಬನೇ ಹೋಗ್ಬಾರದಂತೆ. ಸ್ಲಾವ್ಕಾಗೆ ಮೊಣಕಾಲು ನೋವು. ಕ್ಷಮಿಸಿದೀನಿ ಅಂದ್ಕೋಬೇಡ.”

“ಅಂದ್ಕೊಂಡಿಲ್ಲ.”

“ಮಾತಾಡ್ಬೇಡ. ನಡಿ.”

ಡ್ಯಾನ್ಯೂಬ್ ದಂಡೆಯಲ್ಲಿ ಬಂದರಿನವರೆಗೆ, ಅಲ್ಲಿಂದ ವಾಪಸ್.  ಏರಿನಲ್ಲಿ ನಿಂತ, ನಾನೂ ನಿಂತೆ. ಅವನು ಹೊರಟ ಮೇಲೆ ಹೊರಟೆ.

ಗುರುವಾರ, ಮೇ 9. ಬೆಳಿಗ್ಗೆ 6.50

ನಿನ್ನೆಯೂ ಹೋದೆವು. ಬಂದರಿನ ಬಳಿ ಮೊದಲ ಸಲ ಬಾಯಿ ಬಿಟ್ಟ. ಕೇಳಿದ್ದು ಪರ್ವಾನ್‌ನ ಬಗ್ಗೆ. ಅವನಿಗೆ ಎಷ್ಟಿತ್ತು? ನಾಲ್ಕು ಎಂದೆ. “ನನಗಿಂತ ಒಂದು ಕಡಿಮೆ,” ಎಂದ. ಆಮೇಲೆ ತಿರುಗಿ ನನ್ನನ್ನು ಬೈಯತೊಡಗಿದ. ಪರ್ವಾನ್‌ನ ಪರವಾಗಿ, ಸ್ಪಾಸ್‌ನ ಪರವಾಗಿ, ಒಬ್ಬೊಬ್ಬರದೂ ಹೆಸರು ಹಿಡಿದು, ಮನೆ ತಲುಪುವವರೆಗೆ. ನಾನು ಕೇಳಿದೆ. ಎದುರಾಡಲಿಲ್ಲ. ಗೇಟಿನಲ್ಲಿ ಉಸಿರು ನೋಡಿದೆ, ಅಷ್ಟು ಬೈದರೂ ಕಟ್ಟಿರಲಿಲ್ಲ. ಇವತ್ತು ಅವನಿಗೆ ಹೇಳಬೇಕೆಂದಿರುವುದು, ಫ್ಯಾಕ್ಟರಿಯಲ್ಲಿ ಆ ಮೊದಲ ದಿನ ನಾನು

ಕೂಗುತ್ತಿದ್ದಾನೆ. ಹತ್ತು ನಿಮಿಷ ಮುಂಚೆಯೇ ಬಂದಿದ್ದಾನೆ. “ಅಕ್ಕಾ! ಬರ್ತೀಯೋ, ನಾನೊಬ್ಬನೇ ಹೋಗಿ ಹೊಳೆಗೆ ಬೀಳ್ಲೋ?” ಬಂದೆ ಮಾರಾಯ, ಬಂದೆ, ಎಡಗಾಲಿನ ಶೂ ಎಲ್ಲಿ —