ಅಂಗಡಿಯ ಕೀಲಿಕೈ

ಅಣ್ಣಾ,

ಈಗಷ್ಟೇ ನಿನಗೆ ನಿದ್ದೆ ಹತ್ತಿದೆ, ಎಬ್ಬಿಸುವುದಿಲ್ಲ. ಚಕ್ಕಡಿ ಬಾಗಿಲಿಗೆ ಬಂದಿದೆ, ಲಿಂಗಸುಗೂರಿನ ಸಂತೆಗೆ ಹೊರಟೆ. ಜೋಳದ ರೊಟ್ಟಿ, ಪುಂಡಿಪಲ್ಯ ನೆಲುವಿನ ಮೇಲಿವೆ. ಹೊತ್ತು ಮೀರಿಸದೆ ಉಣ್ಣು.

ನಿನ್ನೆ ಹಕೀಮರ ಹತ್ತಿರ ಹೋಗಿದ್ದೆ. ಅಂಗಡಿಯಲ್ಲಿ ಬೆಲ್ಲ ತೂಗುವಾಗ ಗಿರಾಕಿಯ ಎದುರು ಒಂದು ಚೂರು ಬಾಯಿಗೆ ಹಾಕಿ ತೋರಿಸುವುದು ನಿನ್ನ ರೂಢಿ. ಸಕ್ಕರೆ ಬೇನೆ ಬಂದ ಮೇಲೆ ಅದಕ್ಕೇ ನಿನ್ನನ್ನು ಅಂಗಡಿ ಬಿಡಿಸಿ ಮನೆಯಲ್ಲಿ ಕೂಡಿಸಿದೆ, ಆದರೂ ಒಂದಕ್ಕೆ ಕೂತ ಜಾಗಕ್ಕೆ ಇರುವೆ ಮುತ್ತುವುದು ನಿಂತಿಲ್ಲ ಎಂದು ಅವರಿಗೆ ಹೇಳಿದೆ.

"ಪಥ್ಯ ಎಲ್ಲಾ ಸರಿ ಅದ. ಆದ್ರ ಫಿಕೀರ್, ಚಿಂತಿ ಹಚ್ಚಿಕೊಂಡಾವ ಬರೀ ರೊಟ್ಟಿ ತಿಂದ್ರೂ ಸಕ್ಕರಿ ಏರ್ತದ, ತಾಕತ್ತು ಇಳೀತದ. ದುಡಿಯೋ ಮನುಷ್ಯಾನ್ನ ಮೂಲ್ಯಾಗ ಕೂಡ್ಸಿದವರು ಯಾರು?" ಎಂದು ಕೇಳಿದರು.

ಕೂಡಿಸಿದವನು ನಾನೇ ಎಂದು ಗೊತ್ತಿದ್ದೇ ಕೇಳಿದರು; ಎದ್ದು ನೇರ ಮನೆಗೆ ಬಂದೆ.

ಮೊನ್ನೆ ಉಣ್ಣುವಾಗ ನೀನು, "ಬೆಲ್ಲ ಮುಟ್ಟಿಲ್ಲೋ ಕರಿಬಸ್ಯಾ, ಲಿಂಗದ ಆಣಿ" ಎಂದೆ. "ಇರುವಿ ಸುಳ್ಳು ಹೇಳಂಗಿಲ್ಲ" ಎಂದುಬಿಟ್ಟೆ ನಾನು. ಮುರಿದ ರೊಟ್ಟಿಯನ್ನು ಹಾಗೇ ಬಿಟ್ಟು ನೀನು ಎದ್ದುಹೋದೆ. ಅವತ್ತಿನಿಂದ ನನಗೂ ತುತ್ತು ಇಳಿಯುತ್ತಿಲ್ಲ.

ಅತ್ತಿಗೆಯ ಮೇಲೆ ರೇಗಬೇಡ. ನಿನ್ನನ್ನು ಮನೆಯಲ್ಲಿ ಕೂಡಿಸುವುದು ಬೇಡವೆಂದು ಅವಳು ಮೊದಲೇ ಹೇಳಿದ್ದಳು.

ಅಂಗಡಿಯ ಕೀಲಿಕೈಯನ್ನು ಈ ಚೀಟಿಯ ಮೇಲೆ ಇಟ್ಟಿದ್ದೇನೆ. ಉಂಡು ಹೋಗಿ ನೀನೇ ಬಾಗಿಲು ತೆಗೆ. ಬೆಲ್ಲದ ರುಚಿ ಮಾತ್ರ ಇನ್ನು ಮೇಲೆ ಗಿರಾಕಿಯೇ ನೋಡಲಿ.

ಕರಿಬಸ್ಯಾ