ಬೀಗದಕೈ ಮಾಡುವವನ ಮನೆ ಬಾಗಿಲು

ನಮ್ಮ ಮನೆ, ಬಾಗಿಲ ಪಕ್ಕದ ಮಂಚ
ತಾರೀಕು ಹದಿನಾಲ್ಕು, ಮಂಗಳವಾರ ಬೆಳಿಗ್ಗೆ

ಪ್ರೀತಿಯ ಸೊಸೆಗೆ,

ಮೊದಲ ಮಾತು ನೋಡಿ ನಗಬೇಡ. ಕಾಗದವನ್ನು ಹಾಗೆಯೇ ಶುರು ಮಾಡಬೇಕೆಂದು ನಾಲ್ಕನೇ ಕ್ಲಾಸಿನ ಮೇಷ್ಟ್ರು ಹೇಳಿಕೊಟ್ಟಿದ್ದರು. ಅದಾದ ಮೇಲೆ ನಾನು ಶಾಲೆಗೂ ಹೋಗಲಿಲ್ಲ, ಯಾರಿಗೂ ಕಾಗದವನ್ನೂ ಬರೆಯಲಿಲ್ಲ. ಹದಿಮೂರು ವರ್ಷ ಒಂದೇ ಒಲೆಯ ಮುಂದೆ ನಿಂತು ಕಚ್ಚಾಡಿದವರು ನಾವು. ಈಗ ಪ್ರೀತಿ ಗೀತಿ ಎಂದರೆ ನನಗೇ ಮೈ ಕಚಗುಳಿ ಇಟ್ಟ ಹಾಗಾಗುತ್ತದೆ. ಇರಲಿ, ಬರೆದಾಯಿತು, ಹೊಡೆದುಹಾಕಿದರೆ ಕಾಗದ ಹಾಳು.

ನಿನ್ನ ಬಲಗೈ ಮಣಿಕಟ್ಟು ಹೇಗಿದೆ? ಆಸ್ಪತ್ರೆಯ ಲಾಂಡ್ರಿಯಲ್ಲಿ ಒದ್ದೆ ಚಾದರಗಳನ್ನು ಎತ್ತಿ ಎತ್ತಿ ಅದು ಊದಿಕೊಂಡಿದ್ದನ್ನು ನಾನು ನೋಡಿದ್ದೆ; ನೋಡಿಯೂ ನೋಡದ ಹಾಗೆ ಇದ್ದೆ, ಅದು ನನ್ನ ಗುಣ. ನಿನ್ನ ಅಕ್ಕನ ಮನೆಯಿಂದ ಎರಡು ಬಸ್ಸು ಬದಲಿಸಿ ಕೆಲಸಕ್ಕೆ ಹೋಗುತ್ತಿದ್ದೀಯಂತೆ, ಎದುರುಮನೆಯ ಟೈಲರಮ್ಮ ಹೇಳಿದಳು. ಬೆಳಿಗ್ಗೆ ಏನಾದರೂ ತಿಂದು ಹೋಗು, ಬರೀ ಟೀ ಕುಡಿದು ಓಡಬೇಡ. ನನ್ನ ಗುಬ್ಬಿಯ ಅಲ್ಲಾಡುತ್ತಿದ್ದ ಹಲ್ಲು ಬಿತ್ತೋ ಇಲ್ಲವೋ? ದಾರ ಕಟ್ಟಿ ಎಳೆಯಬೇಡಿ, ತಾನಾಗಿ ಬೀಳಲಿ. ಅಜ್ಜಿಯನ್ನು ಕೇಳುತ್ತದೆಯೇ ಎಂದು ಬರೆ. ಕೇಳದಿದ್ದರೂ ಕೇಳುತ್ತದೆ ಎಂದೇ ಬರೆ.

ನನ್ನ ಮಂಡಿ ಮೊದಲಿನ ಹಾಗೆಯೇ ಇದೆ. ಹಿಂದಿನ ಕೋಣೆಯಲ್ಲಿದ್ದ ನನ್ನ ಮಂಚವನ್ನು ಮುಂಬಾಗಿಲ ಪಕ್ಕಕ್ಕೆ ಹಾಕಿಸಿಕೊಂಡಿದ್ದೇನೆ, ಇಲ್ಲಿ ಗಾಳಿ ಚೆನ್ನಾಗಿದೆ. ಇನ್ನು ನಿನ್ನ ಗಂಡನ ಆರೋಗ್ಯ. ಅದನ್ನು ನಾನು ಹೇಳಬೇಕಾಗಿಲ್ಲ, ಅವನ ಕೈಗಡಿಯಾರ ಹೇಳುತ್ತದೆ. ಅಂಗಡಿಯಲ್ಲಿ ಸ್ಟೂಲಿನ ಮೇಲೆ ಕುಂತಲ್ಲೇ ಕುಂತು, ಮೆಷೀನಿನಲ್ಲಿ ಕತ್ತರಿಸಿದ ಬೀಗದಕೈಗಳನ್ನು ಬ್ರಷ್ಷಿನಿಂದ ತಿಕ್ಕುತ್ತಾನಲ್ಲ, ಆ ಕೈ ಆಡಿದ್ದನ್ನೆಲ್ಲ ಆ ಗಡಿಯಾರ ಹೆಜ್ಜೆ ಎಂದು ಲೆಕ್ಕ ಹಿಡಿಯುತ್ತದೆ. ಹೋದ ವಾರ ಒಂದು ಸಂಜೆ ಬಂದವನೇ "ಅಮ್ಮ, ಇವತ್ತು ಹನ್ನೊಂದು ಸಾವಿರ ಹೆಜ್ಜೆ ನಡೆದಿದೀನಿ, ಶಭಾಷ್ ಅಂತ ಬಂದಿದೆ ನೋಡು" ಎಂದು ಮುಖಕ್ಕೆ ಹಿಡಿದ. ಅಂಡು ಎತ್ತದೆ ಊರು ಸುತ್ತಿದ ಮೊದಲನೆಯ ಗಂಡಸು ಇವನೇ ಇರಬೇಕು. ನೀನು ಹೋದ ಇಪ್ಪತ್ತೆರಡು ದಿನದಲ್ಲಿ ನಿನ್ನ ಅಕ್ಕನ ಮನೆಯ ಕಡೆ ಒಂದು ಹೆಜ್ಜೆ ಇಟ್ಟಿದ್ದರೆ ನಾನೂ ಶಭಾಷ್ ಎನ್ನುತ್ತಿದ್ದೆ.

ಮನೆಯ ಉಳಿದ ಮಂದಿಯೂ ಕ್ಷೇಮ. ಇವನು ತಂದ, ತಾನಾಗಿ ಓಡಾಡಿ ಕಸ ಗುಡಿಸುವ ತಟ್ಟೆ ದಿನಾ ಬೆಳಿಗ್ಗೆ ಗೋಡೆಗೆ ಹಣೆ ಚಚ್ಚಿಕೊಂಡು, ನನ್ನ ಚಪ್ಪಲಿಗೆ ಪ್ರದಕ್ಷಿಣೆ ಹಾಕಿ, ಮಂಚದ ಕೆಳಗೆ ಹೋಗಿ ಸಿಕ್ಕಿಕೊಳ್ಳುತ್ತದೆ. ಆಮೇಲೆ "ದಯವಿಟ್ಟು ನನ್ನನ್ನು ತೆರವುಗೊಳಿಸಿ" ಎಂದು ಹೆಣ್ಣು ದನಿಯಲ್ಲಿ ಗೋಗರೆಯುತ್ತದೆ. ಈ ಮಂಡಿ ಇಟ್ಟುಕೊಂಡು ನಾನು ಬಗ್ಗಿ ಅದನ್ನು ಎಳೆದು, ಅದರ ಹೊಟ್ಟೆಗೆ ಸುತ್ತಿಕೊಂಡ ಕೂದಲು ಬಿಡಿಸಿ, ಅದು ಬಿಟ್ಟ ಮೂಲೆಗಳನ್ನು ಪೊರಕೆಯಲ್ಲಿ ಗುಡಿಸಬೇಕು. ಆಳಿಗೊಂದು ಆಳು, ಆ ಆಳಿಗೆ ನಾನು ಆಳು. ಕಪಾಟಿನ ಮೇಲಿನ ಮಾತಾಡುವ ಡಬ್ಬಿಗೂ ಏನೂ ಆಗಿಲ್ಲ. ನಾನು ಮಗನಿಗೆ ಬೈದರೆ ಅದು "ಕ್ಷಮಿಸಿ, ನನಗೆ ಅರ್ಥವಾಗಲಿಲ್ಲ" ಎನ್ನುತ್ತದೆ. ಈ ಮನೆಯಲ್ಲಿ ಕ್ಷಮಿಸಿ ಎನ್ನುವ ಬಾಯಿ ಅದೊಂದೇ. ಅವನ ಫೋನಿನಲ್ಲಿ ಇನ್ನೊಂದಿದೆ, ಯಾವ ಅಂಗಡಿಯಲ್ಲಿ ಯಾವ ಸಾಮಾನಿನ ಬೆಲೆ ಇಳಿಯಿತು ಎಂದು ಕಾದು ಕೂತು ಟಿಂಗ್ ಎನ್ನುವುದು. ಹಿಂದಿನ ಕೋಣೆಯಲ್ಲಿ ಮಲಗಿದ್ದರೂ ನನಗೆ ಆ ಟಿಂಗ್ ಕೇಳಿಸುತ್ತಿತ್ತು. ಅದು ಕೂಗಿತೆಂದರೆ ಇವನಿಗೆ ಊಟದ ತಟ್ಟೆ ಬೇಡ, ನೀರು ಬೇಡ. "ಅಮ್ಮ, ಎರಡೇ ಗಂಟೆ ಇರೋದು, ಆಮೇಲೆ ಈ ಆಫರ್ ಜನ್ಮದಲ್ಲಿ ಸಿಗಲ್ಲ." ಜನ್ಮದಲ್ಲಿ ಸಿಗದ ಆಫರ್ ವಾರಕ್ಕೆ ಮೂರು ಸಲ ಬರುತ್ತದೆ. ಬೀದಿಯವರು ಇವನಿಗೆ ಆಫರಪ್ಪ ಎಂದು ಹೆಸರಿಟ್ಟಿದ್ದು ಸುಮ್ಮನೆ ಅಲ್ಲ. ಹಲ್ಲುಜ್ಜುವ ಬ್ರಷ್ಷಿಗೂ ಚಾರ್ಜರು ಬೇಕಾದ ಮನೆ ಇದು. ಗೋಡೆಯಲ್ಲಿರುವ ಪ್ಲಗ್ಗಿನ ತೂತುಗಳಿಗಿಂತ ಇವನ ವೈರುಗಳೇ ಜಾಸ್ತಿ.

ಅವೆಲ್ಲ ಹಾಳಾಗಲಿ ಎನ್ನಬಹುದಿತ್ತು, ಆ ಬೀಗ ಒಂದು ಬಾರದಿದ್ದರೆ. ನಿನ್ನ ಮಾವ ನಲವತ್ತು ವರ್ಷ ಬೀಗದಕೈ ಮಾಡಿದ ಮನುಷ್ಯ. ಮೆಷೀನಿಲ್ಲ, ಮಣ್ಣಿಲ್ಲ. ಹಿತ್ತಾಳೆಯ ತುಂಡನ್ನು ವೈಸಿನ ದವಡೆಗೆ ಕಚ್ಚಿಸಿ, ಅರ ಹಿಡಿದು ಒಂದೊಂದೇ ಹಲ್ಲು ಕೊರೆಯುತ್ತಿದ್ದರು. ಸಂಜೆ ಆ ಬೀಗದಕೈಗಳನ್ನೆಲ್ಲ ಮನೆಗೆ ತಂದು ನನ್ನ ಮುಂದೆ ಸುರಿಯುತ್ತಿದ್ದರು, ನಾನು ಉಪ್ಪುಕಾಗದದಲ್ಲಿ ತಿಕ್ಕಿ ನುಣುಪು ಮಾಡಿಕೊಡುತ್ತಿದ್ದೆ. ನಮ್ಮ ಬಾಗಿಲಿನ ಬೀಗವನ್ನು ಅವರೇ ಕೈಯಾರೆ ಮಾಡಿದ್ದರು, ತಿರುಗಿಸಿದರೆ ಬೆಣ್ಣೆಯಲ್ಲಿ ಕೂದಲು ಎಳೆದ ಹಾಗೆ ಬರುತ್ತಿತ್ತು. ಅಂಥವರ ಹೊಟ್ಟೆಯಲ್ಲಿ ಹುಟ್ಟಿ, ಅದೇ ಅಂಗಡಿಯಲ್ಲಿ ಕೂತು, ಊರಿನವರಿಗೆಲ್ಲ ಬೀಗದಕೈ ಮಾಡಿಕೊಡುವವನು, ಕೈ ಹಾಕುವ ತೂತೇ ಇಲ್ಲದ ಬೀಗವನ್ನು ಆಫರಿನಲ್ಲಿ ತಂದು ಮನೆಗೆ ಜಡಿದ. ಊರಿಗೆ ಉಪಕಾರಿ, ಮನೆಗೆ ಮಾರಿ. ಬೆರಳು ಒತ್ತಿದರೆ ತೆಗೆಯುತ್ತದಂತೆ. ಯಾರ ಬೆರಳು? ನನ್ನ ಹತ್ತು ಬೆರಳನ್ನೂ ಒಂದೊಂದಾಗಿ ಒತ್ತಿಸಿದ, ಹತ್ತಕ್ಕೂ ಅದು ಕೆಂಪು ಕಣ್ಣು ಬಿಟ್ಟಿತು. "ಬೀಗ ಸರಿಯಾಗೇ ಇದೆ ಅಮ್ಮ, ನಿನ್ನ ಬೆರಳಲ್ಲೇ ಗೆರೆ ಇಲ್ಲ" ಎಂದ. ಗೆರೆ ಎಲ್ಲಿ ಹೋಯಿತು ಎಂದು ಕೇಳಿಕೊಂಡನೇ? ಇವನ ಅಪ್ಪನ ಬೀಗದಕೈ ತಿಕ್ಕಿ ತಿಕ್ಕಿ ಹೋಯಿತು. ನಿನ್ನದು ಸೋಪಿನ ನೀರಿನಲ್ಲಿ ನೆನೆದು ನೆನೆದು ಹೋಯಿತು. ಮೂರು ಸಲ ಒತ್ತಿದರೆ ಒಂದು ಸಲ ನಿನ್ನನ್ನು ಗುರುತು ಹಿಡಿಯುತ್ತಿತ್ತು. ಇವನ ಬೆರಳು ಮಾತ್ರ ಸೋಕಿದ ಕೂಡಲೇ ಹಸಿರು ಬೆಳಕು ಹಚ್ಚಿ ಬನ್ನಿ ಸ್ವಾಮಿ ಎನ್ನುತ್ತಿತ್ತು. ದುಡಿದ ಬೆರಳಿಗೆ ಬಾಗಿಲು ತೆಗೆಯದ ಬೀಗವನ್ನು ಯಾವ ಪುಣ್ಯಾತ್ಮ ಮಾಡಿದನೋ.

ಆ ದಿನದ ಸಂಗತಿ ನಿನಗೇ ಗೊತ್ತು, ಆದರೂ ಬರೆಯುತ್ತೇನೆ. ಬೆರಳು ಹಿಡಿಯದಿದ್ದರೆ ಫೋನಿಗೆ ಬರುವ ನಂಬರು ಒತ್ತಬೇಕು. ಆ ಬೆಳಿಗ್ಗೆಯೇ ಇವನು ನಿನ್ನ ಹಳೆಯ ಫೋನನ್ನು ಹೊಸದರ ಬದಲಿಗೆ ಕೊಟ್ಟುಬಿಟ್ಟಿದ್ದ. ಹಳೆಯದು ಇವತ್ತು ಹೋಗುತ್ತದೆ, ಹೊಸದು ನಾಳೆ ಬರುತ್ತದೆ, ಒಂದು ದಿನ ಫೋನಿಲ್ಲದಿದ್ದರೆ ಆಕಾಶ ಬೀಳುತ್ತದೆಯೇ ಎಂದ. ನೀನು ಮಧ್ಯಾಹ್ನ ಕೆಲಸ ಮುಗಿಸಿ ಬಂದು, ನೆನೆದು ಸುಕ್ಕಾದ ಬೆರಳನ್ನು ಒತ್ತಿದೆ, ಒತ್ತಿದೆ, ಆ ಡಬ್ಬಿ ನಿನ್ನನ್ನು ಯಾರೋ ಕಳ್ಳಿ ಎಂಬಂತೆ ಕೀಚ್ ಎಂದಿತು. ನಾನೋ ಹಿಂದಿನ ಕೋಣೆಯಲ್ಲಿ ಮಧ್ಯಾಹ್ನದ ನಿದ್ದೆಯಲ್ಲಿದ್ದೆ, ಮುದುಕಿಯ ಕಿವಿ ಬೇರೆ ಮಂದ. ಇವನು ಯಾವುದೋ ದೊಡ್ಡ ಅಂಗಡಿಯ ಮುಂದೆ, ಬಾಗಿಲು ತೆಗೆದ ಕೂಡಲೇ ನುಗ್ಗುವವರ ಸಾಲಿನಲ್ಲಿ ನಿಂತಿದ್ದ. ಒಂದು ಗಂಟೆ ಬಿಸಿಲಿನಲ್ಲಿ ನಿಂತೆಯಂತೆ. ಆಮೇಲೆ ಗುಬ್ಬಿಯನ್ನು ಶಾಲೆಯಿಂದ ಕರೆದುಕೊಂಡು ಹೊರಟಾಗ ಟೈಲರಮ್ಮನಿಗೆ ಹೇಳಿದ ಮಾತು ನನಗೂ ಮುಟ್ಟಿತು. "ನಾನು ಯಾರು ಅಂತ ನನ್ನ ಮನೆ ಬಾಗಿಲಲ್ಲೇ ಕೇಳಿಸಿಕೊಂಡು ನಿಲ್ಲೋಕೆ ನನ್ನಿಂದ ಆಗಲ್ಲ ಅಕ್ಕ. ಅಲ್ಲಿ ಇರೋದೆಲ್ಲ ಮಾತಾಡುತ್ತೆ, ಬಾಗಿಲು ತೆಗೆಯೋರು ಒಬ್ರೂ ಇಲ್ಲ."

ನಿನ್ನ ಹೊಸ ಫೋನು ಬಂದಿದೆ. ಡಬ್ಬಿಯನ್ನು ಯಾರೂ ಒಡೆದಿಲ್ಲ, ಕಪಾಟಿನಲ್ಲಿ ಕೂತಿದೆ. ಹಾಗಾಗಿಯೇ ಇವನು ನಿನ್ನ ಅಕ್ಕನ ಫೋನಿಗೆ ಒಂದು ಕ್ಷಮಾಪಣೆ ಕಳಿಸಿದ್ದು. ಅದನ್ನು ಓದಿ ನೀನು ಉತ್ತರ ಕೊಡಲಿಲ್ಲ, ಸರಿ ಮಾಡಿದೆ. ಅದನ್ನು ಬರೆದವನು ಇವನಲ್ಲ. ಕೇಳಿದ್ದನ್ನು ಬಿಟ್ಟಿಯಾಗಿ ಬರೆದುಕೊಡುವುದೊಂದು ಕಂಪ್ಯೂಟರಿನಲ್ಲಿ ಇದೆಯಂತೆ. "ಹೆಂಡತಿಗೆ ಕ್ಷಮೆ" ಎಂದು ಎರಡು ಪದ ಒತ್ತಿದ, ಅದು ಎರಡು ಪುಟ ಕಕ್ಕಿತು. ನನಗೂ ಓದಿ ಹೇಳಿದ, ಹೆಮ್ಮೆಯಿಂದ. "ತಮಗೆ ಉಂಟಾದ ಅನಾನುಕೂಲತೆಗಾಗಿ ಹೃತ್ಪೂರ್ವಕವಾಗಿ ವಿಷಾದಿಸುತ್ತೇನೆ. ತಮ್ಮ ಭಾವನೆಗಳು ನನಗೆ ಬಹುಮುಖ್ಯ." ಹದಿಮೂರು ವರ್ಷದಲ್ಲಿ ನಿನ್ನನ್ನು ಏ, ಇವಳೇ ಎನ್ನುವುದು ಬಿಟ್ಟು ಬೇರೆ ಕರೆಯದವನು ಒಮ್ಮೆಗೇ ತಮಗೆ, ತಮ್ಮ! ನೀರು ನಿಂತಿದೆ ಎಂದು ಬರೆದರೆ ನಗರಸಭೆಯವರು ಕೊಡುವ ಉತ್ತರಕ್ಕೂ ಇದಕ್ಕಿಂತ ಸ್ವಲ್ಪ ಕರುಳಿರುತ್ತದೆ. ಹೆಂಡತಿಯ ಮುಂದೆ ತಪ್ಪಾಯಿತು ಎನ್ನುವುದಕ್ಕೂ ಬಾಡಿಗೆ ಬಾಯಿ ಬೇಕಾದ ಗಂಡಸನ್ನು ಹೆತ್ತ ಹೊಟ್ಟೆ ನನ್ನದು, ಯಾರಿಗೆ ಹೇಳಲಿ.

ಭಾನುವಾರ ಬೆಳಿಗ್ಗೆ ಇವನು ಸ್ನಾನ ಮಾಡಿ ಬಂದು ನೋಡುವಷ್ಟರಲ್ಲಿ ನಾನು ಹೊಸ್ತಿಲ ಮೇಲೆ ಕೂತಿದ್ದೆ. ಆ ಬೀಗದ ಡಬ್ಬಿ ಕೀಳುವ ತನಕ ಏಳುವುದಿಲ್ಲ ಎಂದೆ. ವಾರಂಟಿ ಹೋಗುತ್ತದೆ ಎಂದ. ನಿನ್ನ ಸಂಸಾರಕ್ಕೆ ಎಷ್ಟು ವರ್ಷದ ವಾರಂಟಿ ಕೊಟ್ಟಿದ್ದಾರೋ ಎಂದೆ. ಹೋಗಿ ಸ್ಕ್ರೂಡ್ರೈವರ್ ತಂದು ಸ್ಕ್ರೂ ಬಿಚ್ಚಿದ. ಬಾಗಿಲಿನಲ್ಲಿ ಈಗ ನಾಲ್ಕು ತೂತುಗಳಿವೆ, ಮರದ ಚಕ್ಕೆ ಬಡಿದಿದ್ದಾನೆ, ಕಣ್ಣಿಗೆ ಚೆನ್ನಾಗಿಲ್ಲ. ತಗಡಿನ ಪೆಟ್ಟಿಗೆಯಿಂದ ನಿನ್ನ ಮಾವನ ಬೀಗ ತೆಗೆದು, ಎಣ್ಣೆ ಬಿಟ್ಟು ಹಾಕಿದ. ಅದಕ್ಕೆ ಉಳಿದಿದ್ದದ್ದು ಒಂದೇ ಬೀಗದಕೈ. ನಿನಗೊಂದು ಬೇಕಲ್ಲ? ಇವನ ಮೆಷೀನು ಆ ಹಳೆಯ ಕೈಯನ್ನು ಹಿಡಿಯಲೇ ಇಲ್ಲ, ಅದಕ್ಕೆ ಹೊಸ ಕಾಲದ್ದೇ ಆಗಬೇಕು. ಕೊನೆಗೆ ಅಪ್ಪನ ಅರ ಹುಡುಕಿ ತಂದು, ಅಡುಗೆಮನೆಯ ಬೆಳಕಿನಲ್ಲಿ ಕೂತು ಕೈಯಲ್ಲೇ ಕೊರೆದ. ಮೊದಲನೆಯದು ಹಲ್ಲು ಮುರಿಯಿತು. ಎರಡನೆಯದು ಒಳಗೆ ಹೋಯಿತು, ತಿರುಗಲಿಲ್ಲ. ಮೂರನೆಯದನ್ನು ನಿನ್ನೆ ಸಂಜೆ ಮುಗಿಸಿದ. ಹೆಬ್ಬೆರಳಿನಲ್ಲಿ ಬೊಬ್ಬೆ ಎದ್ದಿದೆ, ನನಗೆ ಎಷ್ಟು ಸಂತೋಷವಾಯಿತು ಎಂದು ಹೇಳಲಾರೆ. ಕಿಸೆಯಲ್ಲಿ ಫೋನು ಎರಡು ಸಲ ಟಿಂಗ್ ಎಂದಿತು, ಇವನು ತೆಗೆದು ನೋಡಲಿಲ್ಲ. ಇವನು ಕೊರೆದದ್ದನ್ನು ನಾನು ತಿಕ್ಕಿದೆ. ಈ ಕವರಿನಲ್ಲಿ ಬಟ್ಟೆ ಸುತ್ತಿ ಇಟ್ಟಿದ್ದೇನೆ, ಪೋಸ್ಟಿನವನು ಬೀಳಿಸದಿದ್ದರೆ ನಿನ್ನ ಕೈಗೆ ಬರುತ್ತದೆ.

ಬರುವುದು ಬಿಡುವುದು ನಿನಗೆ ಬಿಟ್ಟದ್ದು. ನಿನ್ನ ಅಕ್ಕನಿಗೂ ಭಾವನಿಗೂ ನಾನು ಕೇಳಿದೆನೆಂದು ಹೇಳು. ಗುಬ್ಬಿಯ ಕೆನ್ನೆಗೆ ನನ್ನ ಲೆಕ್ಕದಲ್ಲಿ ಎರಡು ಮುತ್ತು. ನಿನ್ನ ಕೈಗೆ ನೋವು ಇಳಿಯಲಿ, ಹೊಟ್ಟೆ ತಣ್ಣಗಿರಲಿ.

ಇಂತಿ,
ನಿನ್ನ ಅತ್ತೆ

ಮೇಲೆ ಬರೆಯದೆ ಬಿಟ್ಟದ್ದು: ಕಾಗದ ಅಂಚೆಗೆ ಹಾಕಲು ಇವನು ಚಪ್ಪಲಿ ಮೆಟ್ಟಿ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ನನ್ನ ಕಿವಿ ಮಂದವಲ್ಲ. ಆ ದಿನ ನನಗೆ ನಿದ್ದೆಯೂ ಬಂದಿರಲಿಲ್ಲ. ನೀನು ಮೊದಲು ಮೂರು ಸಲ ತಟ್ಟಿದೆ, ಆಮೇಲೆ ನಾಲ್ಕು, ಆಮೇಲೆ ಅಂಗೈಯಿಂದ ಬಡಿದೆ. ಎರಡು ಸಲ ಅತ್ತೇ ಎಂದು ಕೂಗಿದೆ. ಆ ಬೀಗ ಹೊರಗಿನವರಿಗೆ ಮಾತ್ರ ಬೀಗ, ಒಳಗಿನಿಂದ ಹಿಡಿ ತಿರುಗಿಸಿದರೆ ಗುಬ್ಬಿಯೂ ತೆಗೆಯುತ್ತಿತ್ತು. ನಾನು ಎದ್ದು ಅಡುಗೆಮನೆಯ ತನಕ ಬಂದೆ, ಅಲ್ಲೇ ನಿಂತೆ. ನಿನ್ನ ಮೇಲಿನ ಕೋಪಕ್ಕಲ್ಲ. ನನ್ನ ಬೆರಳಲ್ಲೇ ಗೆರೆ ಇಲ್ಲ ಎಂದನಲ್ಲ ಇವನು, ಆ ಸಿಟ್ಟಿಗೆ. ಊಟದ ಹೊತ್ತು, ಇನ್ನು ಹತ್ತು ನಿಮಿಷಕ್ಕೆ ಬರುತ್ತಾನೆ, ಹೆಂಡತಿ ಹೊರಗೆ ನಿಂತಿರುವುದನ್ನು ಕಣ್ಣಾರೆ ನೋಡಲಿ, ಅವನ ಬೀಗದ ಮಾನ ಹೋಗಲಿ ಎಂದುಕೊಂಡೆ. ಹತ್ತು ನಿಮಿಷ ಇಪ್ಪತ್ತಾಯಿತು. ಅಷ್ಟು ಹೊತ್ತಾದ ಮೇಲೆ ತೆಗೆದರೆ ಇಷ್ಟು ಹೊತ್ತು ಯಾಕೆ ತೆಗೆಯಲಿಲ್ಲ ಎಂದು ನೀನು ಕೇಳುತ್ತೀಯಲ್ಲ ಎಂಬ ಹೆದರಿಕೆ ಬಂತು, ಮತ್ತೂ ತೆಗೆಯಲಿಲ್ಲ. ಆಮೇಲೆ ತಟ್ಟುವುದು ನಿಂತಿತು. ಅಂದಿನಿಂದ ಯಾರು ಬೀಗದ ಸುದ್ದಿ ಎತ್ತಿದರೂ ಕುಂಬಳಕಾಯಿ ಕಳ್ಳಿಯ ಹಾಗೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಿದ್ದೇನೆ. ಆ ಡಬ್ಬಿಗೆ ನಿನ್ನ ಗುರುತು ಸಿಗಲಿಲ್ಲ, ನನಗೆ ಸಿಕ್ಕಿತ್ತು. ಇದನ್ನು ಇವತ್ತು ಬೆಳಿಗ್ಗೆ ಮಗನಿಗೆ ಹೇಳಿದೆ. "ನನಗಲ್ಲ ಅಮ್ಮ, ಅವಳಿಗೆ ಹೇಳು" ಎಂದ. ಹೇಳಿದ್ದೇನೆ. ತಪ್ಪಾಯಿತು. ಬೀಗದಕೈ ನಿನ್ನದೇ, ಇಟ್ಟುಕೋ. ಆದರೆ ಬಂದರೆ ಮೊದಲ ದಿನ ಅದನ್ನು ಹಾಕಬೇಡ. ಒಂದು ಸಲ ತಟ್ಟು. ಮಂಡಿ ಹಿಡಿದುಕೊಂಡು ಏಳುವುದಕ್ಕೆ ಸ್ವಲ್ಪ ಹೊತ್ತಾಗುತ್ತದೆ, ಹೊರಟುಹೋಗಬೇಡ.